ಮಕ್ಕಳೇ ಪ್ರತ್ಯೇಕ ತರಗತಿ ಬೇಕೆಂದರೆ?

ಪ್ರಾಥಮಿಕ ಶಾಲೆಯಲ್ಲಿಯೇ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಪ್ರತ್ಯೇಕ ತರಗತಿಗಳಿರಬೇಕು ಎನ್ನುವವರು ಮುಂದಿಡುವ ಕಾರಣಗಳಲ್ಲಿ ಒಂದು, ಮಕ್ಕಳಿಗೇ ಅದು ಇಷ್ಟ ಎಂಬುದು. ಇಷ್ಟವಿದ್ದೀತು. ಶಿರಸಿಯ ನಮ್ಮ ಕೇರಿಯ ಮಕ್ಕಳನ್ನು ವಿಚಾರಿಸಿದಾಗ ನನಗೂ ಬಹುಮಟ್ಟಿಗೆ ಅದೇ ಉತ್ತರ ಸಿಕ್ಕಿತು. ಆದರೆ ಏಕೆ ಎಂದು ಕೇಳಿದ ಮೇಲೆ ಮಾತಿನ ದಿಕ್ಕೇ ಬದಲಾಯಿತು.

"ಮಗ್ಗಿ ತಪ್ಪಿದರೆ ಹುಡುಗರು ನಗ್ತಾರೆ, ಅಕ್ಕೋರು ಏನೂ ಹೇಳುವುದಿಲ್ಲ" ಎಂದಳು ಮೂರನೇ ತರಗತಿಯ ಹುಡುಗಿಯೊಬ್ಬಳು. ಗಲಾಟೆ ಯಾರೇ ಮಾಡಲಿ, ಬೈಗುಳ ಮಾತ್ರ ತಮಗೇ ಎಂಬುದು ಹುಡುಗನೊಬ್ಬನ ದೂರು. ಇಬ್ಬರ ಅಸಮಾಧಾನವೂ ತರಗತಿ ನಡೆಯುವ ರೀತಿಯ ಮೇಲಿದೆಯೇ ಹೊರತು ಜೊತೆಯಲ್ಲಿ ಕಲಿಯುವುದರ ಮೇಲಲ್ಲ. ಕೊಠಡಿ ಬೇರೆ ಮಾಡಿದರೆ ಮಗ್ಗಿ ತಪ್ಪಿದವಳನ್ನು ನೋಡಿ ಹುಡುಗಿಯರು ನಗಲಾರರೆ?

ಆರರಿಂದ ಹತ್ತು ವರ್ಷದ ಮಕ್ಕಳು ಆಟಕ್ಕೆ ತಮ್ಮ ತಮ್ಮವರನ್ನೇ ಆರಿಸಿಕೊಳ್ಳುವುದು ಎಲ್ಲೆಡೆ ಕಾಣುವ ಸಂಗತಿ. ಆ ಗೆರೆಯನ್ನು ದಪ್ಪ ಮಾಡುವವರು ನಾವು. ಹಲವು ಶಾಲೆಗಳ ಹಾಜರಿ ಪುಸ್ತಕದಲ್ಲಿ ಹೆಣ್ಣು ಮಕ್ಕಳ ಹೆಸರು ಬೇರೆ, ಪ್ರಾರ್ಥನೆಗೆ ಸಾಲು ಬೇರೆ. ಮಾತಾಡಿದ ಹುಡುಗನಿಗೆ ಹುಡುಗಿಯರ ಪಕ್ಕ ಕೂರುವುದೇ ಶಿಕ್ಷೆ. (ಈ ಶಿಕ್ಷೆಯಿಂದ ಪಕ್ಕದಲ್ಲಿ ಕುಳಿತ ಹುಡುಗಿ ತನ್ನ ಬಗ್ಗೆ ಏನು ತಿಳಿದುಕೊಂಡಾಳು ಎಂದು ಯಾವ ಮಾಸ್ತರೂ ಯೋಚಿಸಿದಂತಿಲ್ಲ.) ಅಮೆರಿಕದ ಲೇಸಿ ಹಿಲಿಯರ್ಡ್ ಮತ್ತು ಲಿನ್ ಲಿಬನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಶುವಿಹಾರದ ಕೆಲವು ತರಗತಿಗಳ ಶಿಕ್ಷಕರು ಎರಡು ವಾರ ಕಾಲ ಸಾಲು ನಿಲ್ಲಿಸುವುದರಿಂದ ಹಿಡಿದು ಪ್ರತಿಯೊಂದಕ್ಕೂ ಗಂಡು-ಹೆಣ್ಣು ಎಂದು ವಿಂಗಡಿಸಿ ಕರೆದರು. ಅಷ್ಟರಲ್ಲೇ ಆ ಮಕ್ಕಳಲ್ಲಿ ಪೂರ್ವಗ್ರಹ ಹೆಚ್ಚಿತು, ಪರಸ್ಪರರೊಡನೆ ಆಡುವುದು ಕಡಿಮೆಯಾಯಿತು. ಹೀಗಿರುವಾಗ ವರ್ಷಗಟ್ಟಲೆ ಬೇರೆ ಸಾಲಿನಲ್ಲಿ ನಿಂತ ಮಗುವಿನ ಇಷ್ಟವನ್ನು ಅದರದೇ ಆಯ್ಕೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ಕಲಿಕೆಯ ಲಾಭವೂ ದೊಡ್ಡದಾಗಿಲ್ಲ. 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ, ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳನ್ನಷ್ಟೇ ನೋಡಿದರೆ ಪ್ರತ್ಯೇಕ ಶಿಕ್ಷಣದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದಿತು.

ನಮ್ಮ ಸರ್ಕಾರಿ ಶಾಲೆಗಳಲ್ಲೇ ಇರುವ, ಕಾರ್ಡು-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ನೋಡಿ. ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕೂರಿಸಲಾಗುತ್ತದೆ. ಕಾರ್ಡು ಹಿಡಿದ ಹುಡುಗನಿಗೆ ಪಕ್ಕದ ಹುಡುಗಿ ಓದಿ ಹೇಳುತ್ತಾಳೆ, ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ನಾಲ್ಕನೇ ತರಗತಿಗೆ ಬಂದೊಡನೆ ಅನೇಕ ಕಡೆ ಬೆಂಚುಗಳು ಎರಡು ಭಾಗವಾಗುತ್ತವೆ. ಘಟ್ಟದ ಮೇಲಿನ ಹಳ್ಳಿಗಳಲ್ಲಂತೂ ಇಡೀ ಶಾಲೆಯ ಮಕ್ಕಳು ಸೇರಿದರೂ ಒಂದು ಕೊಠಡಿ ತುಂಬದ ಸ್ಥಿತಿಯಿರುವಾಗ, ಈ ಬೇಡಿಕೆ ಪೇಟೆಯ ಶಾಲೆಗಳಾಚೆ ನಿಲ್ಲುವಂಥದ್ದೇ ಅಲ್ಲ.

ಪ್ರೌಢಶಾಲೆಯ ವಯಸ್ಸಿನ ಸಂಕೋಚಗಳ ಚರ್ಚೆ ಬೇರೆಯೇ. ಪ್ರಾಥಮಿಕ ಶಾಲೆಯ ಮಟ್ಟಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ವಿಷಯ ಬಂದರೆ ಮಕ್ಕಳಿಂದ ಕೈ ಎತ್ತಿಸಿ ಎಣಿಸುವುದು ಬೇಡ. ಒಬ್ಬೊಬ್ಬರನ್ನೇ ಕರೆದು ಕಾರಣ ಕೇಳಿ ಬರೆದುಕೊಳ್ಳಲಿ, ಆ ಪಟ್ಟಿಯನ್ನು ಮೊದಲು ಶಿಕ್ಷಕರ ಕೈಗೆ ಕೊಡಲಿ.