ಒಂದ್ಸಲ ಆಫ್ ಮಾಡಿ ಆನ್ ಮಾಡಿ

ಬೆಳಿಗ್ಗೆ ಹತ್ತೂ ಕಾಲಿಗೆ ನಮ್ಮ ಮನೆಯಲ್ಲಿ ನೆಟ್ ಹೋಗುತ್ತದೆ. ರೈಲು ಬೇಕಾದರೆ ತಡವಾಗಬಹುದು, ಇದು ಆಗುವುದಿಲ್ಲ. ಹಾಲ್‌ನಿಂದ ಮಗಳು "ಅಪ್ಪಾ" ಅನ್ನುತ್ತಾಳೆ. ದುಡ್ಡು ಬೇಕಾದಾಗಿನ "ಅಪ್ಪಾ" ಬೇರೆ, ಜಿರಳೆ ಕಂಡಾಗಿನ "ಅಪ್ಪಾ" ಬೇರೆ. ಇದು ನೆಟ್ ಹೋದ "ಅಪ್ಪಾ". ನಾನೇ ಹೋಗಿ ಊದಿ ಆರಿಸಿ ಬಂದೆನೇನೋ ಅನ್ನುವಷ್ಟು ದೂರು ಅದರಲ್ಲಿರುತ್ತದೆ.

ಎದ್ದು ಹೋಗಿ ರೂಟರ್ ಮುಂದೆ ಕೈಕಟ್ಟಿ ನಿಲ್ಲುತ್ತೇನೆ. ಕೆಂಪು ದೀಪ ಮಿಣಮಿಣ ಅನ್ನುತ್ತಿರುತ್ತದೆ. ಸ್ವಿಚ್ ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕುತ್ತೇನೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಕಸ್ಟಮರ್ ಕೇರ್‌ನವರಿಗೂ ಇಷ್ಟೇ ಗೊತ್ತಿರುವುದು ಅಂತ ನನ್ನ ಗುಮಾನಿ.

"ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಮಾಡಿದೆ."

"ಇನ್ನೊಂದ್ಸಲ ಮಾಡಿ ಸರ್."

ಒಂದು ಸಲ ಮಾಡಿದೆ ಅಂತ ಸುಳ್ಳು ಹೇಳಿದೆ. ಆಚೆಯ ಹುಡುಗಿ "ಈಗ ಬಂತಾ ಸರ್?" ಅಂದಳು. ಬರಲಿಲ್ಲ ಅಂದೆ. ಅರ್ಧ ಗಂಟೆಯಲ್ಲಿ ಮೆಸೇಜ್ ಬಂತು: ನಿಮ್ಮ ದೂರನ್ನು ಬಗೆಹರಿಸಲಾಗಿದೆ. ಹೌದು, ದೂರು ಬಗೆಹರಿಯಿತು, ನೆಟ್ ಒಂದು ಉಳಿಯಿತು. ಕೆಳಗೆ ಒಂದು ಲಿಂಕ್. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ. ಆ ಲಿಂಕ್ ತೆರೆಯುವುದಕ್ಕೂ ನೆಟ್ ಬೇಕಲ್ವಾ? ಇದನ್ನು ಯೋಚಿಸಿದವರ ಕೈಗೆ ಒಂದು ದಿನ ನಮ್ಮ ಮನೆ ಕೊಡಬೇಕು ಅನಿಸುತ್ತದೆ. ಅಮ್ಮನ ಸಮೇತ.

ನೆಟ್ ಯಾಕೆ ಹೋಗುತ್ತದೆ ಅನ್ನುವುದಕ್ಕೆ ಮನೆಯಲ್ಲಿ ತಲೆಗೊಂದು ಕಾರಣ ಇದೆ. ಮಗಳ ಪ್ರಕಾರ ಗೋಡೆ. ತಾತ ಕಟ್ಟಿಸಿದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಕಳ್ಳರು ಕನ್ನ ಹಾಕದಿರಲಿ ಅಂತ ಕಟ್ಟಿಸಿದ್ದು, ಈಗ ಸಿಗ್ನಲ್ಲೂ ದಾಟುತ್ತಿಲ್ಲ. ಹೆಂಡತಿಯ ಪ್ರಕಾರ ಕಬ್ಬಿಣದ ಬೀರು. ರೂಟರನ್ನು ಅದರ ಹಿಂದೆ ಇಟ್ಟದ್ದು ನಾನು, ಆದ್ದರಿಂದ ತಪ್ಪು ಬೀರುವಿನದಲ್ಲ. "ರಾಹುಕಾಲದಲ್ಲಿ ಹಾಕಿಸಬೇಡ ಅಂದಿದ್ದೆ" ಅನ್ನುವುದು ಅಮ್ಮ. ನನ್ನ ಅಕ್ಕನ ಮಗ "ಮೆಶ್ ಹಾಕಿಸಿ ಮಾವ" ಅಂತ ಫೋನಿನಲ್ಲಿ ಹೇಳುತ್ತಾನೆ, ಅಂದರೆ ಮನೆಯ ಅಲ್ಲಲ್ಲಿ ಇನ್ನಷ್ಟು ರೂಟರ್. ಅವನಿಗೆ ಯಾವ ರೋಗಕ್ಕೂ ಔಷಧಿ ಅಂದರೆ ಏನಾದರೂ ಕೊಳ್ಳುವುದು.

ನನ್ನ ಅನುಮಾನ ಮೈಕ್ರೋವೇವ್ ಓವನ್ ಮೇಲೆ. ಹತ್ತೂ ಕಾಲಿಗೇ ನನ್ನ ಎರಡನೇ ಕಾಫಿ ಬಿಸಿಯಾಗುವುದು. ಹಳೇ ವೈಫೈ ಓಡಾಡುವುದೂ ಓವನ್ ಕುದಿಸುವುದೂ ಹೆಚ್ಚುಕಮ್ಮಿ ಒಂದೇ ತರಂಗದಲ್ಲಿ, 2.4 ಗಿಗಾಹರ್ಟ್ಸ್‌ನ ಆಸುಪಾಸು. ಒಂದೇ ಓಣಿಯಲ್ಲಿ ಎತ್ತಿನಗಾಡಿಯೂ ಮೆರವಣಿಗೆಯೂ ಹೊರಟ ಹಾಗೆ. ಇದನ್ನು ಮನೆಯವರ ಮುಂದಿಟ್ಟೆ. ಯಾರೂ ಸೊಪ್ಪು ಹಾಕಲಿಲ್ಲ. ಆಗ ಪಾರ್ಕ್ಸ್ ಕಥೆ ತೆಗೆದೆ.

ಆಸ್ಟ್ರೇಲಿಯಾದ ಪಾರ್ಕ್ಸ್ ಅನ್ನುವ ಊರಿನ ಹತ್ತಿರ ಕುರಿ ಮೇಯುವ ಬಯಲಿನಲ್ಲಿ ಒಂದು ರೇಡಿಯೋ ದೂರದರ್ಶಕ ಇದೆ. ಅದರ ಬಾಣಲೆ 64 ಮೀಟರ್ ಅಗಲ. 1969ರಲ್ಲಿ ಚಂದ್ರನ ಮೇಲೆ ನಡೆದವರ ಚಿತ್ರ ಹಿಡಿದು ಜಗತ್ತಿಗೆ ತೋರಿಸಿದ್ದರಲ್ಲಿ ಅದರದೂ ಪಾಲಿದೆ. ಅಂಥ ಬಾಣಲೆಗೆ 1998ರಿಂದ ಆಗಾಗ ಒಂದು ವಿಚಿತ್ರ ಸದ್ದು ಬೀಳುತ್ತಿತ್ತು. ಒಂದು ಚಣ, ಅಷ್ಟೇ. ನೋಡಿದರೆ ಬೇರೆ ನಕ್ಷತ್ರಲೋಕದಿಂದ ಬಂದಂತೆ ಕಾಣುವುದು, ಆದರೆ ಭೂಮಿಯದೇ ಅನ್ನುವ ಅನುಮಾನವೂ ಇತ್ತು. ಅದಕ್ಕೆ ಪೆರಿಟಾನ್ ಅಂತ ಹೆಸರಿಟ್ಟರು. ಕಥೆಗಳಲ್ಲಿ ಬರುವ ರೆಕ್ಕೆಯ ಜಿಂಕೆ ಅದು, ನೆರಳು ಮಾತ್ರ ಮನುಷ್ಯನದು. ಹೆಸರೇನೋ ಚೆನ್ನಾಗಿತ್ತು. ಜಿಂಕೆ ಸಿಗಲಿಲ್ಲ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಸಿಡಿಲಿರಬಹುದು ಅಂದರು. ಆದರೆ ಈ ಸಿಡಿಲು ಆಫೀಸ್ ಟೈಮಿನಲ್ಲಿ ಮಾತ್ರ ಬರುತ್ತಿತ್ತು. ಅದರಲ್ಲೂ ಊಟದ ಹೊತ್ತಿಗೆ ಜಾಸ್ತಿ.

ಊಟದ ಹೊತ್ತು ಅಂದ ಕೂಡಲೇ ನಮ್ಮ ಅಮ್ಮನಾಗಿದ್ದರೆ ನೇರ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು. ಇವರು ವಿಜ್ಞಾನಿಗಳು, ಹೊಸ ಯಂತ್ರ ಕೂರಿಸಿದರು. 2015ರಲ್ಲಿ ಗೊತ್ತಾಯಿತು. ಪೆರಿಟಾನ್ ಬಂದಾಗಲೆಲ್ಲ ಪಕ್ಕದಲ್ಲೇ 2.4 ಗಿಗಾಹರ್ಟ್ಸ್‌ನ ಗದ್ದಲವೂ ಇರುತ್ತಿತ್ತು. ಓವನ್! ಆದರೆ ಓವನ್‌ನಲ್ಲಿ ನೀರಿಟ್ಟು ಎಷ್ಟು ಕುದಿಸಿದರೂ ಸದ್ದು ಬರಲಿಲ್ಲ. ಕೊನೆಗೆ ಯಾರೋ, ಟೈಮ್ ಮುಗಿಯುವ ಮೊದಲೇ, ಓಡುತ್ತಿರುವಾಗಲೇ ಬಾಗಿಲು ಎಳೆದರು. ಬಂತು ಜಿಂಕೆ. ಓವನ್ ಆರುವ ಆ ಒಂದು ಗಳಿಗೆಯಲ್ಲಿ ತೆರೆದ ಬಾಗಿಲಿನಿಂದ ತರಂಗ ಹೊರಗೆ ಹಾರುತ್ತಿತ್ತು, ಬಾಣಲೆ ಸರಿಯಾಗಿ ಆ ಕಡೆ ವಾಲಿದ್ದರೆ ಹಿಡಿಯುತ್ತಿತ್ತು. ಹದಿನೇಳು ವರ್ಷ! ಎಷ್ಟು ಜನ, ಎಷ್ಟು ರಾತ್ರಿ. ಎಲ್ಲ ಯಾಕೆ? ಯಾರೋ ಒಬ್ಬ ಮಹಾನುಭಾವನಿಗೆ ಊಟ ಬಿಸಿಯಾಗಲು ಇನ್ನು ಐದು ಸೆಕೆಂಡು ಕಾಯುವ ತಾಳ್ಮೆ ಇರಲಿಲ್ಲ, ಅದಕ್ಕೆ.

ಇಷ್ಟನ್ನೂ ಕೈ ಬೀಸಿ ಬೀಸಿ ಹೇಳಿದೆ. ಹುಳಿ ತಣ್ಣಗಾಗಿತ್ತು. ಮಗಳು ತಟ್ಟೆ ಎತ್ತಿಕೊಂಡು ಹೋಗಿದ್ದಳು, ಯಾವಾಗ ಅಂತ ಗೊತ್ತಾಗಲಿಲ್ಲ.

"ರೀ, ನಮ್ಮನೇಲಿ ಕಾಫಿ ಬಿಸಿಯಾಗೋಕೆ ಮೊದಲೇ ಓವನ್ ಬಾಗಿಲು ಎಳೆಯೋದು ಯಾರು?" ಅಂದಳು ಹೆಂಡತಿ.

ನಾನು ಹುಳಿ ಕಲಸಿಕೊಂಡೆ.

"ಅಲ್ಲದೆ ಕೆಂಪು ದೀಪ ಬಂದ್ರೆ ಅದು ಹೊರಗಿನ ಕೇಬಲ್‌ದು, ವೈಫೈದಲ್ಲ ಅಂತ ಆ ನೆಟ್ ರಿಪೇರಿ ಹುಡುಗ ಹೋದ ಸಲವೇ ಹೇಳಿದ್ನಲ್ಲ."

ಹೇಳಿದ್ದ. ಆದರೆ ಪಾರ್ಕ್ಸ್ ಕಥೆ ಇಷ್ಟು ಚೆನ್ನಾಗಿರುವಾಗ ಅದು ಯಾರಿಗೆ ನೆನಪಿರುತ್ತದೆ?

ಆ ಹುಡುಗ ಮೂರು ದಿನದ ಮೇಲೆ ಬಂದ. ಹೆಗಲಿಗೆ ಕೇಬಲ್ ಸುರುಳಿ, ಕಿವಿಯಲ್ಲಿ ಫೋನು. ರೂಟರ್ ಕಡೆ ಕಣ್ಣೂ ಹಾಯಿಸದೆ ನೇರ ತಾರಸಿಗೆ ಹತ್ತಿದ. ಎರಡೇ ನಿಮಿಷ. "ಸಾರ್, ಬನ್ನಿ ಮೇಲೆ" ಅಂದ.

ಪಕ್ಕದ ಮನೆಯ ತೆಂಗಿನಮರದಿಂದ ನಮ್ಮ ನೀರಿನ ಟ್ಯಾಂಕಿಗೆ ಎಳೆದ ಕಪ್ಪು ಕೇಬಲ್ ಮೇಲೆ ಅಮ್ಮನ ಸೀರೆ ಒಣಗುತ್ತಿತ್ತು. ಹಸಿರು ಅಂಚಿನ ಕಾಟನ್ ಸೀರೆ, ಸೆರಗಿನ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಭಾರಕ್ಕೆ ಕೇಬಲ್ ಜೋತು, ಟ್ಯಾಂಕಿನ ಮೂಲೆಯಲ್ಲಿ ಮೊಣಕೈ ಹಾಗೆ ಮಡಚಿಕೊಂಡಿತ್ತು. ಎರಡು ಕ್ಲಿಪ್ಪೂ ಹಾಕಿತ್ತು.

"ಒಳಗಿರೋದು ಗಾಜು ಸಾರ್, ಕೂದಲೆಳೆಯಷ್ಟು. ಹಿಂಗೆ ಮಡಚಿದ್ರೆ ಬೆಳಕು ಸೋರಿಹೋಗುತ್ತೆ."

ಅಮ್ಮ ಕೆಳಗಿನಿಂದಲೇ ವಾದ ಮಂಡಿಸಿದಳು. "ಸುಮ್ನೆ ಖಾಲಿ ಇತ್ತು ಕಣೋ. ಗಟ್ಟಿಯಾಗೂ ಇತ್ತು. ಸ್ನಾನ ಮಾಡಿ ಹತ್ತು ಗಂಟೆಗೆ ಒಣಹಾಕಿದ್ರೆ ಹನ್ನೆರಡಕ್ಕೆಲ್ಲ ಗರಿಗರಿ." ಅವಳಿಗೆ ಬೇರೆ ಹಗ್ಗ ಕಟ್ಟಿಕೊಟ್ಟೆವು. ಅದು ಅವಳಿಗೆ ಹಿಡಿಸಿಲ್ಲ, ಜೋತು ಬೀಳುತ್ತದಂತೆ.

ನೆಟ್ ಈಗ ಹತ್ತೂ ಕಾಲಿಗೆ ಹೋಗುವುದಿಲ್ಲ. ಯಾವಾಗ ಬೇಕಾದರೂ ಹೋಗುತ್ತದೆ. ಮೊದಲು ಟೈಮಾದರೂ ಇತ್ತು, ಬಕೆಟ್ ತುಂಬಿಸುವುದೋ ಪೇಪರ್ ಓದುವುದೋ ಆ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದೆ. ಮತ್ತೆ ಕಸ್ಟಮರ್ ಕೇರ್. ಮತ್ತೆ ಆಫ್, ಆನ್, ಸ್ಟಾರ್.

ಹೋದ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನ್ಯೂಜೆರ್ಸಿಯಿಂದ ತಮ್ಮನ ವಿಡಿಯೋ ಕಾಲ್. ಅಲ್ಲಿ ಶನಿವಾರ ರಾತ್ರಿ. ಎರಡು ಮಾತಾಗಿತ್ತೋ ಇಲ್ಲವೋ, ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಒಂದು ಕಣ್ಣು ಅರ್ಧ ಮುಚ್ಚಿತ್ತು. ನಾನು ರೂಟರ್ ಕಡೆ ಓಡಿದೆ.

"ಅಮ್ಮಾ, ನೆಟ್ ಹೋಗಿದೆ. ಅವನಿಗೆ ಕೇಳಿಸ್ತಿಲ್ಲ."

"ಗೊತ್ತು. ನೀನು ಅದನ್ನ ಮುಟ್ಟಬೇಡ" ಅಂದಳು. "ಇವತ್ತೊಂದು ದಿನ ಮಧ್ಯೆ ಬಾಯಿ ಹಾಕದೆ ಕೂತಿದ್ದಾನೆ."

ಮತ್ತೆ ಫೋನಿನ ಕಡೆ ತಿರುಗಿ, ಹಗ್ಗ ಹೇಗೆ ಜೋತು ಬೀಳುತ್ತದೆ ಅಂತ ಆ ತೆರೆದ ಬಾಯಿಗೆ ವಿವರವಾಗಿ ಹೇಳತೊಡಗಿದಳು.