ನನ್ನ ಗೇರಿಲ್ಲದ ಸೈಕಲ್ಲಿಗೆ ಒಂದು ಹಿಂದಿನ ಚಕ್ರ ಕೇಳಿದ್ದಕ್ಕೆ ಇಷ್ಟು ಮಾತು ಕೇಳಬೇಕಾ?

"ಇವರಿಗೆ ಮಿಲಿಮೀಟರ್ ಲೆಕ್ಕ ಬೇಕಂತೆ!" ಅಂಗಡಿ ತುಂಬಾ ಜನ ಇದ್ದರು. ಎಲ್ಲರಿಗೂ ಕೇಳಲಿ ಅಂತಲೇ ಅಂಗಡಿಯವರು ಜೋರಾಗಿ ಹೇಳಿದರು. ಈಗಷ್ಟೇ ಮನೆಗೆ ಬಂದೆ, ಮೈಯೆಲ್ಲ ಉರೀತಿದೆ.

ಹೌದು, ಬೇಕು. ಚಕ್ರ ಅಂದಮೇಲೆ ಲೆಕ್ಕ ಬೇಡವಾ? ನನ್ನ ಫ್ರೇಮಿನಲ್ಲಿ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ, ಕೂರುವ ಜಾಗ 120 ಮಿಲಿಮೀಟರ್. ಅವರು ಒಳಗಿಂದ ತಂದದ್ದು ಗೇರ್ ಸೈಕಲ್ಲಿನ ಚಕ್ರ, 135. "ಆಗೋದಿಲ್ಲ ಸಾರ್" ಅಂದೆ. ಕೇಳಿದರೆ ತಾನೆ! ನನ್ನ ಸೈಕಲ್ಲನ್ನು ತಲೆಕೆಳಗು ಮಾಡಿದರು. ಫ್ರೇಮಿನ ಹಿಂದಿನ ಎರಡು ಪೈಪುಗಳನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಎಳೆದರು. "ಕಬ್ಬಿಣ ಅಲ್ವಾ, ಬಗ್ಗುತ್ತೆ ಬಿಡಿ. ಸ್ವಲ್ಪ ಅಗಲ ಮಾಡಿದರೆ ಆಯ್ತು." ನಾನು ಅವರ ಕೈ ಹಿಡಿದುಕೊಂಡೆ. "ಹದಿನೈದು ಮಿಲಿಮೀಟರ್ ಸಾರ್, ಅದು ಸ್ವಲ್ಪ ಅಲ್ಲ." ಆಗ ಬಂತು ಆ ಮಾತು. ಟ್ಯೂಬ್ ಕೊಳ್ಳಲು ಬಂದವರೊಬ್ಬರು ನಕ್ಕರು. ಅವರು ನಕ್ಕರು ಅಂತ ಪಕ್ಕದಲ್ಲಿದ್ದ ಮಗುವೂ ನಕ್ಕಿತು. ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ನೀಟಾಗಿ ಬರೆದುಕೊಂಡು ಹೋಗಿದ್ದೆ. ಅದನ್ನು ಅವರ ಮುಂದೆ ಇಟ್ಟೆ. ಓದಲಿಲ್ಲ. ಅದರ ಮೇಲೆ ಸ್ಪ್ಯಾನರ್ ಇಟ್ಟರು. "ಈ ಕಾಲದಲ್ಲಿ ಇದನ್ನ ಯಾರು ಓಡಿಸ್ತಾರೆ, ಒಂದು ಗೇರ್ ಸೈಕಲ್ ತಗೊಳ್ಳಿ." ಸ್ಪ್ಯಾನರ್ ಎತ್ತಿ ಚೀಟಿ ತಗೊಂಡೆ, ಗ್ರೀಸ್ ಮೆತ್ತಿ ಅರ್ಧ ಅಳಿಸಿಹೋಗಿತ್ತು.

ಪೈಪು ಬಗ್ಗಿಸಿ ಹೇಗೋ ತುರುಕಿದರು ಅಂತಲೇ ಇಟ್ಟುಕೊಳ್ಳೋಣ. ಚೈನು ನೇರ ಓಡಬೇಕಲ್ಲ? ಒಂದೇ ಹಲ್ಲುಚಕ್ರದ ಸೈಕಲ್ಲಿನಲ್ಲಿ ಚೈನು ಓರೆಯಾದರೆ ಸದ್ದು, ಸವೆತ, ಕೊನೆಗೆ ಕಳಚಿ ಬೀಳುವುದು. ನನ್ನ ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರ, ಹಬ್ಬಿಗೆ ತಿರುಗಿಸಿ ಕೂರಿಸುವಂಥದ್ದು, ಅವರ ಚಕ್ರದಲ್ಲಿ ಅದಕ್ಕೆ ತಿರುಪಿನ ಗೆರೆಗಳೇ ಇಲ್ಲ. ಅದಕ್ಕೆ ಕ್ಯಾಸೆಟ್ ಬೇಕು, ಅಂದರೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಕಟ್ಟು. ಇದನ್ನೆಲ್ಲ ಹೇಳೋಕೆ ಬಾಯಿ ತೆರೆದರೆ ಮತ್ತೆ ನಗು.

ಹೋಗಲಿ ಬಿಡಿ, ಅವರನ್ನು ಬೈದು ಏನಾಗಬೇಕು. ಅವರ ಹತ್ತಿರ ಬರುವುದೇ ಗೇರ್ ಸೈಕಲ್ಲು, ಅವರು ಇಡುವುದೂ ಅದರ ಚಕ್ರವೇ. ವ್ಯಾಪಾರ ಅಲ್ವಾ. ಇಲ್ಲ, ಬಿಡೋಕಾಗಲ್ಲ! ಇಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ಸುಮ್ನೆ ವಾಪಸ್ ಬರುತ್ತಿದ್ದೆ. ಫ್ರೇಮಿಗೆ ಯಾಕೆ ಕೈ ಹಾಕಬೇಕಿತ್ತು?

ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ ಅಂತೀರಿ. ನೋಡಿದೆ. "28 ಇಂಚು" ಅಂತ ಹಾಕಿರುತ್ತಾರೆ. ರಿಮ್ಮಿನಲ್ಲಿ ಟೈರು ಕೂರುವ ಕಡೆಯ ವ್ಯಾಸ ಮಿಲಿಮೀಟರಿನಲ್ಲಿ 622 ಇರಬಹುದು, 635 ಕೂಡ ಇರಬಹುದು. 27 ಇಂಚು ಅಂದರೆ 630, ಅಂದರೆ 28 ಅಂತ ಕರೆಸಿಕೊಳ್ಳುವ 622ಕ್ಕಿಂತ ದೊಡ್ಡದು! ಟೈರಿನ ಪಕ್ಕದಲ್ಲಿ 32-622 ಅಂತ (ಟೈರಿನ ಅಗಲ 32, ವ್ಯಾಸ 622) ಅಚ್ಚಾಗಿ ಇರುತ್ತೆ, ಆ ಒಂದು ನಂಬರ್ ಬರೆಯೋಕೆ ಏನು ಕಷ್ಟ? ಹಬ್ಬಿನ ಅಗಲ ಅಂತೂ ಕೇಳಲೇಬೇಡಿ. ಎಷ್ಟೋ ಕಡೆ ಬರೆದೇ ಇಲ್ಲ. ಕೇಳಿದರೆ "ಎಲ್ಲಾ ಸೈಕಲ್ಲಿಗೂ ಆಗುತ್ತೆ" ಅಂತ ಉತ್ತರ. ಯಾವ ಚಕ್ರ ಎಲ್ಲಾ ಸೈಕಲ್ಲಿಗೂ ಆಗುತ್ತೆ ಹೇಳಿ?

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ನನ್ನ ಹಬ್ಬಿಗೆ ಏನೂ ಆಗಿಲ್ಲ. ಬೆರಳಲ್ಲಿ ತಿರುಗಿಸಿದರೆ ಇವತ್ತಿಗೂ ಸದ್ದಿಲ್ಲದೆ ತಿರುಗುತ್ತೆ. ಹಾಳಾಗಿರುವುದು ರಿಮ್ ಮಾತ್ರ. ಬ್ರೇಕ್ ರಬ್ಬರ್ ಉಜ್ಜಿ ಉಜ್ಜಿ ಗೋಡೆ ತೆಳ್ಳಗಾಗಿ ಸೀಳಿದೆ. ಹೊಸ ರಿಮ್ ತಂದು ಅದೇ ಹಬ್ಬಿಗೆ ಕಡ್ಡಿ ಕಟ್ಟಿದರೆ ಮುಗಿಯಿತು. ಆದರೆ ನನ್ನ ಹಬ್ಬಿಗೆ 36 ಕಡ್ಡಿ, ಸಿಗುವ ರಿಮ್ಮಿಗೆ 32 ತೂತು. ಕಡ್ಡಿ ಕಟ್ಟಿಕೊಡ್ತೀರಾ ಅಂದರೆ "ಅದಕ್ಕೆಲ್ಲ ಟೈಮಿಲ್ಲ, ಪೂರ್ತಿ ಚಕ್ರ ಬದಲಾಯಿಸಿ." ಯಾವ ಚಕ್ರ? ಎಲ್ಲಿದೆ?

ಸಾಕಾಯ್ತು, ಗುಜರಿಗೆ ಹಾಕೋಣ ಅಂತಲೂ ಅನಿಸಿತು. ಮನಸ್ಸು ಬರಲ್ಲ. ಚೆನ್ನಾಗಿರುವ ಸೈಕಲ್ಲನ್ನು ಒಂದು ರಿಮ್ಮಿಗೋಸ್ಕರ ಯಾಕೆ ಎಸೀಬೇಕು?

ಗೊತ್ತಿರುವವರು ದಯವಿಟ್ಟು ಉತ್ತರ ಕೊಡಿ, ಯಾರಾದರೂ ಸರಿ. ಬೇಕಾಗಿರುವುದು ಒಂದು ರಿಮ್: 622, 36 ತೂತು, ರಿಮ್ ಬ್ರೇಕಿನದು. ಇಲ್ಲವೇ 120ರ ಹಬ್ ಇರುವ ಪೂರ್ತಿ ಚಕ್ರ, ನಟ್ ಹಾಕುವ ಆಕ್ಸಲ್. ಹಳೆಯದಾದರೂ ಪರವಾಗಿಲ್ಲ, ಬೆಂಡು ಇದ್ದರೆ ನಾನೇ ಸರಿಮಾಡಿಕೊಳ್ಳುತ್ತೇನೆ. ನಿಮ್ಮದು 130ರ ಹಬ್ ಆಗಿದ್ದರೆ ಮಾತ್ರ ಹೇಳಬೇಡಿ.