ಸಾಹೇಬ್ರಿಗೆ ವೀಸಿ, ನಮಗೆ ಸಭಾಂಗಣ

ಚಿಕ್ಕಪ್ಪ ಫೋನ್ ಮಾಡಿದ್ದು ಬೇರೇನೋ ವಿಷಯಕ್ಕೆ. ಇಡುವ ಹೊತ್ತಿಗೆ ನೆನಪಾಯಿತು ಅವರಿಗೆ. "ನಮ್ಮ ಬೀದಿ ಅಗಲ ಮಾಡೋ ಸಭೆ ನಿನ್ನೇನೇ ಮುಗೀತಪ್ಪ. ಒಳಗೆ ಇಷ್ಟೇ ಜನ ಅಂತ ಬಾಗಿಲಲ್ಲೇ ತಡೆದ್ರು. ನಿಂತು ನಿಂತು ವಾಪಸ್ ಬಂದೆ." 2020ರ ಕೊನೆಯ ಮಾತಿದು. ಕೊರೊನಾ ಕಾಲ, ಎಪ್ಪತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಸಭೆಯ ನೋಟಿಸ್ ಯಾವುದೋ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತಂತೆ. ಆ ಪತ್ರಿಕೆ ನಮ್ಮ ಬೀದಿಯಲ್ಲಿ ಯಾರೂ ತರಿಸುವುದಿಲ್ಲ. ಟೀ ಅಂಗಡಿಯಲ್ಲಿ ಯಾರೋ ಹೇಳಿದ್ದಕ್ಕೆ ಇವರಿಗೆ ಗೊತ್ತಾಗಿದ್ದು.

ನನಗೆ ಜಾಸ್ತಿ ಉರಿದಿದ್ದು ಯಾಕೆಂದರೆ, ಅದೇ ಸುಮಾರಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ಅಡುಗೆಮನೆ ಮೇಜಿನ ಮುಂದೆ ಕೂತು ನಾನು ವಿಡಿಯೊದಲ್ಲಿ, ಕಟ್ಟಡಗಳಿಗೆ ಒಪ್ಪಿಗೆ ಕೊಡುವ ಊರಿನ ಪ್ಲಾನಿಂಗ್ ಕಮಿಟಿಯ ಎದುರು ಮಾತಾಡಿ ಮುಗಿಸಿದ್ದೆ. ಇಲ್ಲಿ ನನಗೆ ಅಜ್ಜನ ಮನೆಯಿಲ್ಲ, ನನ್ನ ಹೆಸರು ಯಾರ ಬಾಯಲ್ಲೂ ಸರಿಯಾಗಿ ಹೊರಳುವುದಿಲ್ಲ. ಆದರೂ ಕೇಳಿಸಿಕೊಂಡರು. ಹಳೇ ದಾವಣಗೆರೆಯಲ್ಲಿ ಹುಟ್ಟಿ ಅಲ್ಲೇ ಮುದುಕರಾದ ಚಿಕ್ಕಪ್ಪನ ಮಾತು ಬಾಗಿಲು ದಾಟಲಿಲ್ಲ.

ಇಲ್ಲಿ ಆಗಿದ್ದಿಷ್ಟು. ನಮ್ಮ ಹಿತ್ತಲಿನ ಆಚೆ ಮೂರಂತಸ್ತಿನ ಫ್ಲಾಟು ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ. ಕೌನ್ಸಿಲ್‌ನವರು (ಇಲ್ಲಿನ ನಗರಸಭೆ) ಬೀದಿದೀಪದ ಕಂಬಕ್ಕೆ ನೋಟಿಸ್ ಕಟ್ಟಿದರು, ಅಕ್ಕಪಕ್ಕದ ಮನೆಗಳಿಗೆ ಕಾಗದ ಹಾಕಿದರು. ಆಕ್ಷೇಪಣೆಗೆ 21 ದಿನ. ನಕ್ಷೆ, ಎತ್ತರ, ಯಾವ ಕಿಟಕಿ ಎಲ್ಲಿ, ಯಾರು ಏನು ಆಕ್ಷೇಪಣೆ ಬರೆದರು, ಎಲ್ಲವೂ ವೆಬ್‌ಸೈಟಿನಲ್ಲಿ. ಮಾಮೂಲಿ ದಿನಗಳಲ್ಲಿ ಕಮಿಟಿ ಟೌನ್ ಹಾಲಿನಲ್ಲಿ ಕೂರುತ್ತದೆ. ಕೊರೊನಾ ಬಂದಾಗ ಸರ್ಕಾರ ಗಡಿಬಿಡಿಯಲ್ಲೇ ನಿಯಮ ತಂದು, 2020ರ ಏಪ್ರಿಲ್ 4ರಿಂದ ಇಂಥ ಸಭೆಗಳನ್ನು ದೂರದಿಂದಲೇ ನಡೆಸಬಹುದು ಅಂದಿತು. ಮುಖ್ಯ ಷರತ್ತು ಒಂದೇ: ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕು. ಮುಖ ಕಾಣಿಸಿದರೆ ಒಳ್ಳೆಯದು, ಕಾಣದಿದ್ದರೂ ನಡೆಯುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಹಳೇ ಲ್ಯಾಂಡ್‌ಲೈನಿನಿಂದಲೇ ಮಾತಾಡಿದರು.

ನನಗೆ ಸಿಕ್ಕಿದ್ದು ಮೂರು ನಿಮಿಷ. ಮನೆ ಬೆಲೆ ಬೀಳುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಬೆಳಕು ಹೋಗುತ್ತದೆಯೇ, ಅವರ ಕಿಟಕಿಯಿಂದ ನಮ್ಮ ಮಲಗುವ ಕೋಣೆ ಕಾಣುತ್ತದೆಯೇ, ಕಾರು ಎಲ್ಲಿ ನಿಲ್ಲಿಸುತ್ತಾರೆ, ಇಂಥದ್ದನ್ನಷ್ಟೇ ಹೇಳಬೇಕು. ಬರೆದಿಟ್ಟುಕೊಂಡು ಓದಿದೆ. ಹಿಂದೆ ಮಗಳು ಚಪಾತಿ ಬೇಕು ಅಂತ ರಾಗ ಎಳೆಯುತ್ತಿದ್ದಳು. ಬಿಲ್ಡರ್ ಕಡೆಯವನಿಗೂ ಅಷ್ಟೇ ಮೂರು ನಿಮಿಷ. ಅವನು ಬಂದಾಗ ಯಾರೂ ಎದ್ದು ನಿಲ್ಲಲಿಲ್ಲ, ಕುರ್ಚಿ ಎಳೆದು ಕೊಡಲಿಲ್ಲ. ಪರದೆಯ ಮೇಲೆ ಅವನ ಚೌಕವೂ ನನ್ನ ಚೌಕವೂ ಒಂದೇ ಅಳತೆ. ಇದೊಂದು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಯಾಕೆಂದರೆ ನಮ್ಮ ಕಡೆಯ ಸಭೆಗಳನ್ನು ನೋಡಿದ್ದೇನೆ. ಹನ್ನೊಂದಕ್ಕೆ ಅಂದರೆ ಸಾಹೇಬರು ಬರುವುದು ಒಂದಕ್ಕೆ. ಆಮೇಲೆ ಶಾಲು, ಹಾರ, ಸ್ವಾಗತ ಭಾಷಣ. ಲೇಔಟ್ ಮಾಡುವವರು ಮುಂದಿನ ಸೋಫಾದಲ್ಲಿ. ಜಾಗ ಕಳೆದುಕೊಳ್ಳುವವರು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅದೂ ಸಿಕ್ಕಿದರೆ. ಮೈಕು ಕೈಯಿಂದ ಕೈಗೆ ಹೋಗಿ ಕೊನೆಗೆ ಯಾವನೋ ಪುಢಾರಿಯ ಹತ್ತಿರ ನಿಂತುಬಿಡುತ್ತದೆ. ಹೆಂಗಸರು ಬಂದರೂ ಗಂಡನೋ ಮೈದುನನೋ ಮಾತಾಡುತ್ತಾನೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಅವನು ಬರುವುದಿಲ್ಲ. ಬರಲಿಲ್ಲ ಅಂದಮೇಲೆ ಅವನಿಗೆ ಆಕ್ಷೇಪಣೆಯೇ ಇಲ್ಲ ಅಂತ ನಡಾವಳಿಯಲ್ಲಿ ಸೇರುತ್ತದೆ.

"ನಮ್ಮ ಜನಕ್ಕೆ ಆನ್‌ಲೈನ್ ಎಲ್ಲ ಆಗಲ್ಲ ಬಿಡಿ" ಅನ್ನುವವರಿದ್ದಾರೆ. ಆ ವರ್ಷ ಮದುವೆಯನ್ನು ಯೂಟ್ಯೂಬಿನಲ್ಲಿ ನೋಡಿ, ಮುಯ್ಯಿಯನ್ನು ಫೋನ್‌ಪೇ ಮಾಡಿದವರು ಯಾರು ಹಾಗಾದರೆ? ಮಕ್ಕಳ ಪಾಠ ಮೊಬೈಲಿನಲ್ಲೇ ನಡೆಯಿತು. ಹೈಕೋರ್ಟು ವಿಡಿಯೊದಲ್ಲಿ ಕೇಸು ಕೇಳಿತು. ಇನ್ನು ಅಧಿಕಾರಿಗಳಂತೂ ಕೊರೊನಾಕ್ಕೆ ಎಷ್ಟೋ ಮೊದಲಿನಿಂದ ವಿಡಿಯೊ ಕಾನ್ಫರೆನ್ಸಿನಲ್ಲೇ, ಅಂದರೆ ವೀಸಿಯಲ್ಲೇ, ಇದ್ದಾರೆ. ಬೆಂಗಳೂರಿನಿಂದ ಡಿಸಿಗೆ, ಡಿಸಿಯಿಂದ ತಹಶೀಲ್ದಾರರಿಗೆ. ಯಾವ ಕಚೇರಿಗೆ ಹೋದರೂ ಬಾಗಿಲಲ್ಲಿ ಅದೇ ಮಾತು: "ಸಾಹೇಬ್ರು ವೀಸಿಯಲ್ಲಿದ್ದಾರೆ, ಸಂಜೆ ಬನ್ನಿ." ಲೈನು ಇದೆ, ಪರದೆ ಇದೆ, ಕ್ಯಾಮೆರಾ ಇದೆ. ಬೀದಿಯ ಜನಕ್ಕೆ ಮಾತ್ರ ಅದರಲ್ಲಿ ಜಾಗವಿಲ್ಲ. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಆದ ಊರು ನಮ್ಮದು, ಅಲ್ವಾ? ಒಂದು ಲಿಂಕು ಕಳಿಸಲು ಏನು ಕಷ್ಟ?

ಕಾನೂನಿನಲ್ಲಿ ಜನರ ಮಾತಿಗೆ ಜಾಗ ಇಲ್ಲ ಅಂತಲೂ ಅಲ್ಲ. ಮಾಸ್ಟರ್ ಪ್ಲಾನಿಗೆ ಆಕ್ಷೇಪಣೆ ಕರೆಯಬೇಕು ಅಂತ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ. ಮೂರು ಲಕ್ಷ ಜನರಿರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದಲ್ಲೇ ಇದೆ. 2011ರ ಜನಗಣತಿ ಹೊತ್ತಿಗೇ ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. ಅತ್ತ ಗಣಿ, ಕಾರ್ಖಾನೆಗಳ ಪರಿಸರ ಅಹವಾಲು ಸಭೆಗೆ 30 ದಿನದ ನೋಟಿಸ್ ಕೊಡಬೇಕು. ಪಕ್ಕದ ಚಿತ್ರದುರ್ಗದವರಿಗೆ ಇದು ಚೆನ್ನಾಗಿ ಗೊತ್ತು. ಜನ ಮನೆಯಿಂದ ಹೊರಗೆ ಬರಲಾಗದ ಆ 2020ರಲ್ಲೇ ಕೇಂದ್ರದ ಕರಡೊಂದು ಈ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು! ಸಭೆ ಸೇರಲಾಗದ ಕಾಲದಲ್ಲಿ ದಿನ ಹೆಚ್ಚಿಸಬೇಕೋ, ಕಡಿಮೆ ಮಾಡಬೇಕೋ?

ಇಲ್ಲಿನವರು ನನ್ನ ಮಾತು ಕೇಳಿಸಿಕೊಂಡರು ಅಂದೆನಲ್ಲ, ಕೇಳಿಸಿಕೊಂಡು ಅರ್ಜಿ ಪಾಸು ಮಾಡಿದರು ಅನ್ನುವುದನ್ನೂ ಹೇಳಬೇಕು. ಬಿಲ್ಡರಿಗೆ ಹಾಕಿದ ಷರತ್ತು: ನಮ್ಮ ಕಡೆಗೆ ತೆರೆಯುವ ಕಿಟಕಿಗಳಿಗೆ ಮಸುಕು ಗಾಜು ಹಾಕಬೇಕು, ಬೆಳಗ್ಗೆ 8ಕ್ಕೆ ಮೊದಲು ಕೆಲಸ ಶುರು ಮಾಡಬಾರದು. ನನ್ನ ಮೂರು ನಿಮಿಷಕ್ಕೆ ಸಿಕ್ಕಿದ್ದು ಅಷ್ಟೇ. ಇನ್ನೊಂದು ವಿಷಯ. 2020ರ ಡಿಸೆಂಬರಿನಲ್ಲಿ ಹ್ಯಾಂಡ್‌ಫೋರ್ತ್ ಅನ್ನುವ ಊರಿನ ಪ್ಯಾರಿಶ್ ಕೌನ್ಸಿಲ್ಲಿನ (ನಮ್ಮ ಗ್ರಾಮ ಪಂಚಾಯಿತಿಯ ಹಾಗೆ) ಜೂಮ್ ಸಭೆಯಲ್ಲಿ ಗಲಾಟೆಯಾಗಿ, ಸಭೆ ನೋಡಿಕೊಳ್ಳುತ್ತಿದ್ದ ಜಾಕಿ ವೀವರ್ ಅನ್ನುವವರು ಅಧ್ಯಕ್ಷನನ್ನೇ ಗುಂಡಿ ಒತ್ತಿ ಆಚೆ ಹಾಕಿದರು. ಫೆಬ್ರವರಿಯಲ್ಲಿ ಆ ವಿಡಿಯೊ ಹರಡಿ ದೇಶವೆಲ್ಲ ನಕ್ಕಿತು. ನಾನೂ ನಕ್ಕೆ. ಆ ಗುಂಡಿ ನಮ್ಮ ಕಡೆಯ ಕೆಲವರ ಕೈಗೆ ಸಿಕ್ಕರೆ ಗತಿ ಏನು ಅಂತ ಆಮೇಲೆ ಹೊಳೆಯಿತು.

ಕಾಲೇಜಿನ ದಿನಗಳಲ್ಲಿ ನಮ್ಮ ಕಡೆ ಚರಂಡಿ ವಿಷಯಕ್ಕೆ ಒಂದು ಸಭೆ ಆಗಿತ್ತು. ಹೂವು ಮಾರುವ ಅಜ್ಜಿಯೊಬ್ಬರು ಮೈಕಿಲ್ಲದೆ ಎದ್ದು, "ಇಲ್ಲಿ ಕೂತು ಏನ್ ಬರ್ಕೊಂತೀರಿ ಸ್ವಾಮಿ, ಬಂದು ವಾಸನೆ ಕುಡೀರಿ" ಅಂದರು. ಹಿಂದಿನ ಸಾಲಿಗೆ ಸಾಲೇ ಎದ್ದು ನಿಂತಿತು. ಎಂಜಿನಿಯರು ಫೈಲು ಮುಚ್ಚಿ, ವೇದಿಕೆ ಇಳಿದು, ನಡೆದೇ ಹೊರಟರು ಚರಂಡಿ ನೋಡಲು. ಬರುವ ದಾರಿಯಲ್ಲಿ ಅವರೂ ನಾವೂ ಒಂದೇ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಪರದೆಯಲ್ಲಾಗಿದ್ದರೆ ಅಜ್ಜಿಯ ಹೊತ್ತು ಮುಗಿಯಿತು ಅಂತ ಮುಂದಿನವರ ಹೆಸರು ಕರೆಯುತ್ತಿದ್ದರು. ಅಷ್ಟಕ್ಕೂ ಅಜ್ಜಿಯ ಹತ್ತಿರ ಸ್ಮಾರ್ಟ್‌ಫೋನ್ ಇರಬೇಕಲ್ಲ. ಇಲ್ಲಿ ಸಭೆ ಮುಗಿದು ಲೀವ್ ಒತ್ತಿದಾಗ ನನ್ನ ಎದುರಿಗಿದ್ದದ್ದು ಅಡುಗೆಮನೆ ಗೋಡೆ. ಕಮಿಟಿಯವರು ಒಬ್ಬರೂ ನಮ್ಮ ಹಿತ್ತಲಿಗೆ ಬಂದು ನೋಡಲಿಲ್ಲ.

ದೂರದಿಂದ ಸಭೆ ನಡೆಸುವುದನ್ನು ಇಂಗ್ಲೆಂಡೂ ಉಳಿಸಿಕೊಳ್ಳಲಿಲ್ಲ. ಆ ನಿಯಮದ ಅವಧಿ 2021ರ ಮೇ 7ಕ್ಕೆ ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲು, 1972ರ ಸ್ಥಳೀಯ ಸರ್ಕಾರ ಕಾಯ್ದೆ ಪ್ರಕಾರ ಸದಸ್ಯರು ಒಂದೇ ಜಾಗದಲ್ಲಿ ಸೇರಲೇಬೇಕು ಅಂತ ಇಲ್ಲಿನ ಹೈಕೋರ್ಟು ತೀರ್ಪು ಕೊಟ್ಟಿತ್ತು. ಪಕ್ಕದ ವೇಲ್ಸ್ ಮಾತ್ರ ಅದೇ ವರ್ಷ ಕಾನೂನು ಮಾಡಿ ದೂರದಿಂದ ಸೇರುವ ದಾರಿಯನ್ನು ಇಟ್ಟುಕೊಂಡಿತು. ದಾವಣಗೆರೆಗೆ ನಾನು ಕೇಳುವುದೂ ಅದನ್ನೇ. ಸಭಾಂಗಣ ಇರಲಿ, ಅಜ್ಜಿ ಬೈಯಲಿ. ಜೊತೆಗೆ ಒಂದು ಲಿಂಕು, ಒಂದು ಫೋನ್ ನಂಬರ್ ಕೂಡ ಇರಲಿ.

ಇಲ್ಲಿ ಈಗ ಮತ್ತೆ ಟೌನ್ ಹಾಲ್, ಸಂಜೆ 6.30ಕ್ಕೆ. ಬೀದಿಯ ಕೊನೆಯಲ್ಲಿ ಇನ್ನೊಂದು ಕಟ್ಟಡಕ್ಕೆ ಅರ್ಜಿ ಬಂದಿದೆ. ಹೆಂಡತಿಗೆ ಆ ವಾರವೆಲ್ಲ ರಾತ್ರಿ ಪಾಳಿ, ಮಗಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿಲ್ಲ. ಈ ಸಲ ಸುಮ್ನೆ ಕಾಗದ ಬರೆದು ಕಳಿಸಿದ್ದೇನೆ.